ಎಡಗಿವಿಯ ಹಿಂದೆ

ವೈದ್ಯೆ ಬಾಯಿ ತೆರೆಸಿ ಹಲ್ಲೆಣಿಸಿದಳು,
ಸಂತೆಯಲ್ಲಿ ಕರುವಿಗೆ ಎಣಿಸುವ ಹಾಗೆ.
ಏಳಿರಬಹುದು, ಎಂದಳು. ಎಂಟೂ ಇರಬಹುದು.
ಬರೆಯುವವಳು ಏಳು ಎಂದು ಬರೆದುಕೊಂಡಳು.
ಹುಟ್ಟಿದ ದಿನ? ಯಾರಿಗೆ ಗೊತ್ತು.
ಗೋಡೆಯ ಕ್ಯಾಲೆಂಡರ್ ನೋಡಿ ಅಂದಿನ ತಾರೀಖನ್ನೇ ಹಾಕಿದಳು.
ಹೀಗೆ ಫೆಬ್ರವರಿ ಹನ್ನೆರಡು, ಮಂಗಳವಾರ,
ಲುಬ್ಲಿನ್ ಊರಿನ ಅನಾಥ ಮಕ್ಕಳ ಮನೆಯಲ್ಲಿ
ನಾವು ಹನ್ನೊಂದು ಮಂದಿ ಹುಟ್ಟಿದೆವು,
ಹೆರಿಗೆ ನೋವು ಯಾರಿಗೂ ಇಲ್ಲದೆ.

ಹೆಸರು ಕೇಳಿದರೆ ಬ್ರೋನ್ಯಾ ಎಂದೆ.
ಅದು ನನ್ನನ್ನು ಬಚ್ಚಿಟ್ಟವಳು ಇಟ್ಟದ್ದು.
ಬೀಟ್ ಗಡ್ಡೆ ತುಂಬಿದ ನೆಲಮಾಳಿಗೆಯಲ್ಲಿ ಎರಡು ಚಳಿಗಾಲ,
ಅವಳ ಕೈತುತ್ತು, ಅವಳ ಬೈಗುಳ,
ಮಲಗುವ ಮುನ್ನ ಹಣೆ, ಎದೆ, ಭುಜ, ಭುಜ ಮುಟ್ಟಿ ಶಿಲುಬೆ.
ಅದಕ್ಕೂ ಹಿಂದೆ?
ಒಂದು ಬಾಗಿಲು. ಚೌಕಟ್ಟಿಗೆ ಓರೆಯಾಗಿ ಬಡಿದ
ಬೆರಳುದ್ದದ ಏನೋ ಒಂದು. ನನ್ನನ್ನೆತ್ತಿಕೊಂಡವರು ಯಾರೋ
ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು.
ಬೆರಳು ನೆನಪಿದೆ.

ಕಲ್ಮನ್‌ಗೆ ಎಲ್ಲ ನೆನಪಿತ್ತು. ಬೀದಿ, ಮನೆ ನಂಬರು,
ಅಪ್ಪನ ಹೊಲಿಗೆ ಯಂತ್ರದ ಮೇಲಿನ ಚಿನ್ನದ ಹೂವು ಕೂಡ.
ಭಾನುವಾರ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು
ಮೆಟ್ಟಿಲ ಮೇಲೆ ಕೂರುತ್ತಿದ್ದ.

ಮಾರ್ಚಿಯಲ್ಲೊಬ್ಬಳು ಬಂದಳು, ಗಂಡಸಿನ ಕೋಟು ತೊಟ್ಟು.
ತಂಗಿಯ ಮಗಳಂತೆ. ಫ್ರಿಮೆಟ್ ಅಂತೆ.
ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ.
ಸಾಲಾಗಿ ನಿಂತ ಹುಡುಗಿಯರ ಕಿವಿ ಮಡಚಿ ಮಡಚಿ ನೋಡಿದಳು.
ನನ್ನ ತನಕ ಬರುವಷ್ಟರಲ್ಲಿ ಕತ್ತಲಾಯಿತು, ದೀಪವಿರಲಿಲ್ಲ.
ನಾಳೆ ಬರುತ್ತೇನೆ, ಎಂದು ಹೋದಳು.

ಆ ರಾತ್ರಿ ಕಲ್ಮನ್ ಆಫೀಸಿನಿಂದ ನಕಲು ಪೆನ್ಸಿಲ್ ಕದ್ದ.
ಉಗುಳು ತಾಗಿದರೆ ನೇರಳೆಯಾಗುತ್ತದಲ್ಲ, ಅದು.
ಕದಲಬೇಡ, ಅಂದ. ಮೊನೆಯನ್ನು ನಾಲಿಗೆಗೆ ಒತ್ತಿ
ಕಿವಿಯ ಹಿಂದೆ ತಿರುಗಿಸಿ ತಿರುಗಿಸಿ ಚುಚ್ಚಿದ.
ಬೆಳಿಗ್ಗೆ ನನ್ನ ದಿಂಬು ನೇರಳೆ, ಅವನ ತುಟಿ ನೇರಳೆ.
ಎದುರು ಕೂತವನು ತನ್ನ ಎಡವನ್ನೇ
ನನ್ನ ಎಡವೆಂದುಕೊಂಡಿದ್ದ.

ಅವಳು ಎಡಗಿವಿ ಮಡಚಿದಳು. ಏನಿಲ್ಲ.
ನಾನೇ ತಲೆ ತಿರುಗಿಸಿ ಬಲಗಿವಿ ಕೊಟ್ಟೆ.
ಹೊತ್ತು ಹೋಯಿತು. ಬೀದಿಯಲ್ಲಿ ಕಲ್ಲಿದ್ದಲ ಗಾಡಿಯೊಂದು
ನಿಂತು, ಇಳಿಸಿ, ಹೊರಟುಹೋಯಿತು.
ಆಮೇಲೆ ತನ್ನ ತಲೆವಸ್ತ್ರ ಬಿಚ್ಚಿ ನನ್ನ ತಲೆಗೆ ಕಟ್ಟಿದಳು,
ಎರಡೂ ಕಿವಿ ಮುಚ್ಚುವ ಹಾಗೆ, ಬಿಗಿಯಾಗಿ.
ಎಲ್ಲಿ ಸಹಿ ಹಾಕಬೇಕು, ಎಂದಳು.

ಮೆಟ್ಟಿಲ ಮೇಲೆ ಕಲ್ಮನ್ ಬಾಯಿ ಬಿಡದೆ ನಕ್ಕ,
ತುಟಿ ಕಾಣಿಸಬಾರದಲ್ಲ.
ಅವನ ಕಿವಿಯ ಹಿಂದೆ ಏನಿತ್ತೋ,
ಯಾರೂ ನೋಡಿರಲಿಲ್ಲ. ನಾನೂ.

ದೊಡ್ಡಮ್ಮ ಎಂದು ಕರೆದೆ. ಆಂಟ್ವರ್ಪ್‌ನಲ್ಲಿ
ಹದಿನಾಲ್ಕು ವರ್ಷ ಅವಳ ಅಡುಗೆಮನೆಯಲ್ಲಿ ಬೆಳೆದೆ.
ತೊಟ್ಟಿಯಲ್ಲಿ ಕೂರಿಸಿ ಕತ್ತು, ಬೆನ್ನು, ಮೊಣಕೈ
ಚರ್ಮ ಕಿತ್ತುಬರುವಂತೆ ಉಜ್ಜುವವಳು
ಬಲಗಿವಿಯ ಹಿಂದೆ ಮಾತ್ರ ಸೋಪು ತಾಗಿಸುತ್ತಿರಲಿಲ್ಲ.
ನೇರಳೆ ತಾನಾಗಿ ಮಾಸಿಹೋದ ಮೇಲೂ.
ನಾನು ಕೇಳಲಿಲ್ಲ. ಅವಳು ಹೇಳದೆಯೇ ಹೋದಳು.

ಈಗ ನನ್ನ ಬಾಗಿಲ ಚೌಕಟ್ಟಿಗೂ ಬಡಿಸಿದ್ದೇನೆ, ಓರೆಯಾಗಿ.
ಮುಟ್ಟುತ್ತೇನೆ, ಬೆರಳಿಗೆ ಮುತ್ತಿಡುತ್ತೇನೆ.
ಕೆಲವು ಸಂಜೆ, ದಣಿದಿದ್ದರೆ, ಅದೇ ಬೆರಳು
ಹಣೆಗೆ ಹೋಗುತ್ತದೆ, ಎದೆಗೆ ಇಳಿಯುತ್ತದೆ.
ಅಲ್ಲಿ ಹಿಡಿದು ನಿಲ್ಲಿಸುತ್ತೇನೆ. ಪ್ರತಿ ಸಲವೂ ಅಲ್ಲ.

ಫ್ರಿಮೆಟ್, ಎಲ್ಲಾದರೂ ಇದ್ದರೆ ಕೇಳು:
ನಿನ್ನ ಹೆಸರು ನನ್ನ ಹತ್ತಿರ ಇದೆ.
ತೊಟ್ಟು ತೊಟ್ಟು ಮೊಣಕೈ ಹತ್ತಿರ ಸವೆದಿದೆ,
ಅಳತೆ ನನಗೇ ಸರಿಯಾಗಿ ಹಿಗ್ಗಿದೆ.
ಬಂದರೆ ಕೊಟ್ಟುಬಿಡುತ್ತೇನೆ.
ಫೆಬ್ರವರಿ ಹನ್ನೆರಡೊಂದು ಬಿಟ್ಟು ಯಾವತ್ತಾದರೂ ಬಾ.
ಅವತ್ತು ನಮ್ಮಲ್ಲಿ ಗದ್ದಲ. ಹನ್ನೊಂದು ಮಂದಿ.